‘ಲೋಕಾಯುಕ್ತಕ್ಕೆ ಹಾಕ್ತೀನಿ’

ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿ ಎಂದರೆ ಹೊರಗಿನವರಿಗೆ ಹೊಯ್ಸಳರ ಪಂಚಲಿಂಗೇಶ್ವರ ದೇಗುಲ. ಸುತ್ತಿನ ಹಳ್ಳಿಗಳ ರೈತರು ಸರ್ಕಾರಿ ಕಚೇರಿಗೆ ಹಾಕುವ ಪ್ರದಕ್ಷಿಣೆಯೇ ಬೇರೆ: ಪೌತಿ ಖಾತೆಗೆ, ಪೋಡಿಗೆ, ಪಹಣಿ ತಿದ್ದುಪಡಿಗೆ. ‘ಸಾಹೇಬ್ರಿಲ್ಲ, ನಾಳೆ ಬಾ’ ಎಂಬುದನ್ನೇ ಕೇಳಿ ಕೇಳಿ ಸಾಕಾದವನು ಕೊನೆಗೆ ಲೋಕಾಯುಕ್ತದ ಹೆಸರೆತ್ತುತ್ತಾನೆ.

ಆಡಳಿತದ ಮೇಲೆ ಪ್ರಜೆಯ ದೂರು ಕೇಳಲೆಂದೇ ಸ್ವೀಡನ್ 1809ರಲ್ಲಿ ಒಂಬುಡ್ಸ್‌ಮನ್ ಹುದ್ದೆ ಮಾಡಿಕೊಂಡಿತ್ತು. ನಮ್ಮಲ್ಲಿ ಲೋಕಪಾಲ, ಲೋಕಾಯುಕ್ತ ಬೇಕೆಂದು ಮೊರಾರ್ಜಿ ದೇಸಾಯಿ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗ ಹೇಳಿದ್ದು 1966ರಲ್ಲಿ. ದೇಶಕ್ಕೆ ಮೊದಲ ಲೋಕಪಾಲರು ಸಿಕ್ಕಿದ್ದು 2019ರಲ್ಲಿ! ಕರ್ನಾಟಕ ಅಷ್ಟು ಕಾಯಲಿಲ್ಲ. 1984ರ ಕಾಯ್ದೆ 1986ರ ಜನವರಿಯಲ್ಲಿ ಜಾರಿಗೆ ಬಂತು. ನ್ಯಾಯಮೂರ್ತಿ ಎ.ಡಿ. ಕೋಶಲ್ ಮೊದಲ ಲೋಕಾಯುಕ್ತರು. ಹಳ್ಳಿಯವರ ಬಾಯಲ್ಲಿ ಆ ಹೆಸರು ನಿಂತದ್ದು ಮಾತ್ರ 2001ರ ನಂತರ, ಲೋಕಾಯುಕ್ತರಾದ ಎನ್. ವೆಂಕಟಾಚಲ ಅವರು ಆಸ್ಪತ್ರೆ, ಕಚೇರಿಗಳಿಗೆ ದಿಢೀರನೆ ನುಗ್ಗತೊಡಗಿದ ಮೇಲೆ.

ಸುದ್ದಿಯಾಗುವುದು ‘ಟ್ರ್ಯಾಪ್’. ಲೋಕಾಯುಕ್ತ ಪೊಲೀಸರು ದೂರುದಾರನ ನೋಟುಗಳ ನಂಬರು ಬರೆದುಕೊಂಡು, ಪಂಚರೆದುರು ಫಿನಾಲ್ಫ್ತಲೀನ್ ಪುಡಿ ಸವರಿ ಕಳಿಸುತ್ತಾರೆ. ಲಂಚ ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಿಗೆ ಅದ್ದಿಸಿದರೆ ನೀರು ಗುಲಾಬಿಯಾಗುತ್ತದೆ. ಆದರೆ ದುಡ್ಡು ಕೇಳದೆಯೇ ಕಡತವನ್ನು ಕೊಳೆಹಾಕುವವರಿಗೆ ಈ ಪುಡಿ ಅಂಟದು. ಅಂಥವರಿಗಾಗಿ ಕಾಯ್ದೆಯಲ್ಲಿ ‘ಕುಂದುಕೊರತೆ’ಯ ದೂರಿದೆ. ನನ್ನ ಮಟ್ಟಿಗೆ ಬಡವನಿಗೆ ಹೆಚ್ಚು ಒದಗುವುದು ಇದೇ. ನಿಗದಿತ ನಮೂನೆ, ಜೊತೆಗೊಂದು ಅಫಿಡವಿಟ್ ಸಾಕು, ವಕೀಲರೇ ಬೇಕೆಂದಿಲ್ಲ. ತೊಂದರೆ ತಿಳಿದ ಆರು ತಿಂಗಳೊಳಗೆ ಕೊಡಬೇಕು. ಭ್ರಷ್ಟಾಚಾರದ ಆಪಾದನೆಗಾದರೆ ಐದು ವರ್ಷದ ಗಡುವು. ಅನ್ಯಾಯ ಕಂಡರೆ ಸರಿಪಡಿಸುವಂತೆ ಲೋಕಾಯುಕ್ತರು ಶಿಫಾರಸು ಮಾಡುತ್ತಾರೆ, ಆಜ್ಞೆ ಮಾಡಲಾರರು. ಸರ್ಕಾರ ಕಿವಿಗೊಡದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ ಕೊಡಬಹುದು. ಅದು ಶಾಸನಸಭೆಯ ಮುಂದೆ ಬರುತ್ತದೆ.

ಬರೀ ಶಿಫಾರಸು ತಾನೇ ಎಂದು ಮೂಗು ಮುರಿಯುವವರು 2011ರ ಜುಲೈ ನೆನೆಯಲಿ. ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟದ್ದು 27ರಂದು. 31ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಅವರು ಹುಟ್ಟಿದ ಬೂಕನಕೆರೆ ಇದೇ ಕೆ.ಆರ್. ಪೇಟೆ ತಾಲ್ಲೂಕಿನದು. ಗಣಿ ಕಂಪನಿಯಿಂದ ಲಂಚ ಪಡೆದ ಆರೋಪದಿಂದ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು ಎಂಬುದನ್ನೂ ಹೇಳಬೇಕು. ವರದಿಯೇ ತೀರ್ಪಲ್ಲ.

ಅದೇ 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಕಟ್ಟಿ, ಲಂಚದ ಪ್ರಕರಣಗಳನ್ನು ಲೋಕಾಯುಕ್ತ ಪೊಲೀಸರ ಕೈಯಿಂದ ಕಿತ್ತುಕೊಂಡಿತು. ಹೈಕೋರ್ಟ್ ಎಸಿಬಿಯನ್ನು ರದ್ದುಮಾಡಿ ಅಧಿಕಾರ ಮರಳಿಸಿದ್ದು 2022ರ ಆಗಸ್ಟ್‌ನಲ್ಲಿ. ಈಗ ಲೋಕಾಯುಕ್ತ ಪೊಲೀಸರು ಮಂಡ್ಯದಲ್ಲೇ ಸಿಗುತ್ತಾರೆ. ಹೋಗುವಾಗ ಹಳೆಯ ಅರ್ಜಿಯ ಸ್ವೀಕೃತಿ ಚೀಟಿ ಮರೆಯಬೇಡಿ.