ಹಳೆಯ ಫರ್ಮ್‌ವೇರ್‌ಗೆ ಹಿಂದಿರುಗುವುದು ಏಕೆ ಕಷ್ಟ? ಒಂದು ಪಿಎಸ್‌ಪಿಯ ಕಥೆ

ನಮ್ಮ ಮಾಮು ದಮ್ಮಾಮ್‌ನಲ್ಲಿ ಕೆಲಸದಲ್ಲಿದ್ದಾಗ 2006ರಲ್ಲಿ ಒಂದು ಪಿಎಸ್‌ಪಿ ಕೊಂಡಿದ್ದರು. ಕೈಯಲ್ಲಿ ಹಿಡಿದು ಆಡುವ ಸೋನಿಯ ಗೇಮ್ ಯಂತ್ರ ಅದು. ಕಳೆದ ರಜೆಯಲ್ಲಿ ಅಲ್ಮಾರಿಯಿಂದ ತೆಗೆದು ನನಗೆ ಕೊಟ್ಟು, "ಆಡು ಬೇಟಾ, ಆದರೆ ಹಾಳು ಮಾಡಬೇಡ" ಎಂದರು. ಬ್ಯಾಟರಿ ಉಬ್ಬಿತ್ತು. ಅದನ್ನು ತೆಗೆದಿಟ್ಟು ಚಾರ್ಜರ್ ಹಾಕಿದಾಗ ಯಂತ್ರ ಆನ್ ಆಯಿತು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದರೆ 2.71 ಎಂಬ ಸಂಖ್ಯೆ ಕಂಡಿತು. ಪಕ್ಕದಲ್ಲಿದ್ದ ಗೆಳೆಯ, "ಇದನ್ನು 1.50ಕ್ಕೆ ಇಳಿಸು, ಆಮೇಲೆ ಏನು ಬೇಕಾದರೂ ಹಾಕಬಹುದು" ಎಂದ. ಈ 'ಇಳಿಸುವುದು' ಎಂದರೆ ಏನೆಂದು ತಿಳಿಯಲು ಹೊರಟಾಗ ಸಿಕ್ಕ ವಿಷಯಗಳನ್ನು ಇಲ್ಲಿ ಬರೆದಿದ್ದೇನೆ.

ಫರ್ಮ್‌ವೇರ್ ಎಂದರೇನು?

ಯಂತ್ರದ ಒಳಗೇ ಶಾಶ್ವತವಾಗಿ ಇರುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಮೊದಲ ಪಿಎಸ್‌ಪಿಯಲ್ಲಿ ಇದು 32 ಎಂಬಿಯ ಫ್ಲಾಶ್ ಮೆಮೊರಿಯಲ್ಲಿ ಕುಳಿತಿರುತ್ತದೆ. ಪರದೆ ಬೆಳಗಿಸುವುದು, ಬಟನ್ ಒತ್ತಿದ್ದನ್ನು ಗುರುತಿಸುವುದು, ಯುಎಂಡಿ ಎಂಬ ಪುಟ್ಟ ಡಿಸ್ಕನ್ನು ಓದುವುದು ಎಲ್ಲವೂ ಅದರ ಕೆಲಸ. ಜೊತೆಗೆ ಕಾವಲು ಕೆಲಸವೂ ಇದೆ. ಸೋನಿಯ ಡಿಜಿಟಲ್ ಸಹಿ ಇಲ್ಲದ ಪ್ರೋಗ್ರಾಮ್‌ಗಳನ್ನು ಅದು ಓಡಿಸುವುದಿಲ್ಲ.

ಪಿಎಸ್‌ಪಿ ಜಪಾನಿನಲ್ಲಿ 2004ರ ಡಿಸೆಂಬರ್‌ನಲ್ಲಿ 1.00 ಫರ್ಮ್‌ವೇರ್‌ನೊಂದಿಗೆ ಬಂತು. ಅದರಲ್ಲಿ ಕಾವಲು ಎಷ್ಟು ಸಡಿಲವಾಗಿತ್ತೆಂದರೆ, ಸಹಿ ಇಲ್ಲದ ಪ್ರೋಗ್ರಾಮ್‌ಗಳೂ ಓಡುತ್ತಿದ್ದವು. 2005ರ ಮಾರ್ಚ್‌ನಲ್ಲಿ ಅಮೆರಿಕಕ್ಕೆ 1.50 ಬಂದಾಗ ಬಾಗಿಲು ಮುಚ್ಚಿತ್ತು, ಆದರೆ ಕೆಲವೇ ತಿಂಗಳಲ್ಲಿ ಉಪಾಯ ಸಿಕ್ಕಿತು. ಹವ್ಯಾಸಿಗಳು ತಾವೇ ಬರೆದ ಚಿಕ್ಕ ಗೇಮ್‌ಗಳು, ಪುಸ್ತಕ ಓದುವ ಪ್ರೋಗ್ರಾಮ್‌ಗಳು, ಹಳೆಯ ಯಂತ್ರಗಳ ಎಮ್ಯುಲೇಟರ್‌ಗಳನ್ನು ಓಡಿಸತೊಡಗಿದರು. ಇವಕ್ಕೆ 'ಹೋಮ್‌ಬ್ರೂ' ಎಂದು ಹೆಸರು.

ನಂತರದ 2.00ರಲ್ಲಿ ಇಂಟರ್ನೆಟ್ ಬ್ರೌಸರ್ ಇತ್ತು, ಆದರೆ ಹೋಮ್‌ಬ್ರೂ ದಾರಿ ಮುಚ್ಚಿತ್ತು. ಹೊಸ ಗೇಮ್ ಡಿಸ್ಕ್‌ಗಳು ಹೊಸ ಫರ್ಮ್‌ವೇರ್ ಕೇಳುತ್ತಿದ್ದವು, ಅಪ್‌ಡೇಟ್ ಡಿಸ್ಕ್‌ನಲ್ಲೇ ಇರುತ್ತಿತ್ತು. ಹೊಸ ಗೇಮ್ ಬೇಕೋ, ಹೋಮ್‌ಬ್ರೂ ಬೇಕೋ ಎಂಬ ಆಯ್ಕೆ ಬಂತು. ಅಪ್‌ಡೇಟ್ ಮಾಡಿ ಪಶ್ಚಾತ್ತಾಪ ಪಟ್ಟವರು ಹಿಂದಿರುಗುವ ದಾರಿ ಹುಡುಕಿದರು.

ಇಳಿಸುವುದು ಹೇಗೆ?

ಸೋನಿಯ ಅಪ್‌ಡೇಟರ್ ಮೊದಲು ಯಂತ್ರದಲ್ಲಿರುವ ಸಂಖ್ಯೆಯನ್ನು ನೋಡುತ್ತದೆ. ತನ್ನ ಸಂಖ್ಯೆ ಅದಕ್ಕಿಂತ ಚಿಕ್ಕದಾಗಿದ್ದರೆ ಕೆಲಸವನ್ನೇ ಶುರು ಮಾಡುವುದಿಲ್ಲ. ಆದ್ದರಿಂದ ಮೊದಲು ಒಳಗೆ ನುಗ್ಗಲು ಒಂದು ಕಿಂಡಿ ಬೇಕು. 2005ರ ಸೆಪ್ಟೆಂಬರ್‌ನಲ್ಲಿ ಸಿಕ್ಕ ಕಿಂಡಿ ಒಂದು ಚಿತ್ರ! ಫೋಟೋ ತೋರಿಸುವ ಭಾಗದಲ್ಲಿ 'ಟಿಫ್' ಎಂಬ ಬಗೆಯ ಚಿತ್ರಗಳನ್ನು ಓದುವಾಗ ಒಂದು ದೋಷವಿತ್ತು.

ಇದನ್ನು ಬ್ಯಾಂಕ್ ಚಲನ್‌ನಂತೆ ಯೋಚಿಸಿ. ಹೆಸರಿಗೆ ಹತ್ತು ಚೌಕಗಳಿವೆ. ಒಬ್ಬ ಬೇಕೆಂದೇ ಹದಿನೈದು ಅಕ್ಷರ ಬರೆಯುತ್ತಾನೆ. ಉಳಿದ ಐದು ಪಕ್ಕದ 'ಕಚೇರಿಯ ಉಪಯೋಗಕ್ಕೆ ಮಾತ್ರ' ಎಂಬ ಜಾಗಕ್ಕೆ ಹೋಗುತ್ತವೆ. ಗುಮಾಸ್ತರು ಅದನ್ನು ಮ್ಯಾನೇಜರ್ ಬರೆದ ಆದೇಶವೆಂದು ತಿಳಿದು ಪಾಲಿಸುತ್ತಾರೆ. ಟಿಫ್ ಚಿತ್ರವೂ ಹೀಗೆಯೇ ಮಿತಿಮೀರಿದ ಮಾಹಿತಿ ತುಂಬಿಕೊಂಡು, ತನ್ನ ಆದೇಶವನ್ನು ಯಂತ್ರದಿಂದ ಪಾಲಿಸಿಕೊಂಡಿತು. ಒಳಗೆ ಹೋದ ಪ್ರೋಗ್ರಾಮ್ ಫ್ಲಾಶ್‌ನಲ್ಲಿದ್ದ ಆವೃತ್ತಿ ಸಂಖ್ಯೆಯನ್ನು ಬದಲಿಸಿತು. ಈಗ 1.50ರ ಅಪ್‌ಡೇಟರ್ ತೆರೆದರೆ, 'ಯಂತ್ರದಲ್ಲಿರುವುದು ನನಗಿಂತ ಹಳೆಯದು' ಎಂದು ಅದು ನಂಬಿ, ಫ್ಲಾಶ್ ಅಳಿಸಿ ಹೊಸದಾಗಿ ಬರೆಯುತ್ತದೆ.

ಎಲ್ಲಿ ಹಾಳಾಗುತ್ತದೆ?

ಅಳಿಸುವುದಕ್ಕೂ ಬರೆದು ಮುಗಿಸುವುದಕ್ಕೂ ನಡುವೆ ಕರೆಂಟ್ ಹೋದರೆ ಯಂತ್ರದಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ಅದು ಮತ್ತೆ ಆನ್ ಆಗುವುದಿಲ್ಲ. ಇದಕ್ಕೆ 'ಬ್ರಿಕ್' ಆಗುವುದು ಅನ್ನುತ್ತಾರೆ, ಅಂದರೆ ಇಟ್ಟಿಗೆ. ಅದಕ್ಕೇ ಸೋನಿಯ ಅಪ್‌ಡೇಟರ್ ಬ್ಯಾಟರಿ ಮತ್ತು ಚಾರ್ಜರ್ ಎರಡನ್ನೂ ಕೇಳುತ್ತದೆ.

ಎರಡನೆಯ ಅಪಾಯ ಮೋಸ. 2005ರ ಅಕ್ಟೋಬರ್‌ನಲ್ಲಿ, ಫರ್ಮ್‌ವೇರ್ ಇಳಿಸುವ ಸಾಧನದ ವೇಷದಲ್ಲಿ ಒಂದು ಪ್ರೋಗ್ರಾಮ್ ಹರಡಿತು. ಅದು ಮುಖ್ಯ ಫೈಲ್‌ಗಳನ್ನೇ ಅಳಿಸುತ್ತಿತ್ತು. ಸಿಮ್ಯಾಂಟೆಕ್ ಕಂಪನಿ ಇದಕ್ಕೆ ಟ್ರೋಜನ್ ಪಿಎಸ್‌ಪಿಬ್ರಿಕ್ ಎಂದು ಹೆಸರಿಟ್ಟಿತು.

ಮೂರನೆಯದು ನನ್ನನ್ನು ಬೆಚ್ಚಿ ಬೀಳಿಸಿತು. 2006ರಲ್ಲಿ ಮತ್ತೊಂದು ಟಿಫ್ ದೋಷ ಸಿಕ್ಕಿ, 2.71 ಇದ್ದ ಯಂತ್ರಗಳನ್ನೂ ಇಳಿಸಲು ಸಾಧ್ಯವಾಯಿತು. ಆದರೆ ಅಷ್ಟರಲ್ಲಿ ಕೆಲವು ಪಿಎಸ್‌ಪಿಗಳಲ್ಲಿ ಟಿಎ-082 ಎಂಬ ಹೊಸ ಮದರ್‌ಬೋರ್ಡ್ ಬಂದಿತ್ತು. ಹೊರಗಿನಿಂದ ನೋಡಲು ಎಲ್ಲ ಒಂದೇ. 1.50 ಬರೆದಾಗ ಈ ಬೋರ್ಡ್ ಇನ್ನೂ ಇರಲಿಲ್ಲ. ಅದರ ಮೇಲೆ 1.50 ಹಾಕಿದವರಿಗೆ ಸಿಕ್ಕಿದ್ದು ಇಟ್ಟಿಗೆ. ಮಾಮು ಅವರದು ಅದೇ ಕಾಲದ್ದು.

ಸತ್ತ ಯಂತ್ರಗಳಿಗೆ 2007ರಲ್ಲಿ ಒಂದು ಮದ್ದು ಬಂತು. ಬ್ಯಾಟರಿಯೊಳಗಿನ ಕ್ರಮ ಸಂಖ್ಯೆಯನ್ನು ಬದಲಿಸಿದರೆ ಪಿಎಸ್‌ಪಿ ರಿಪೇರಿ ಸ್ಥಿತಿಯಲ್ಲಿ ಆನ್ ಆಗಿ, ಫ್ಲಾಶ್ ಬದಲು ಮೆಮೊರಿ ಸ್ಟಿಕ್‌ನಿಂದ ಓದುತ್ತಿತ್ತು. ಇದನ್ನು 'ಪಂಡೋರಾ ಬ್ಯಾಟರಿ' ಎಂದರು. ಮುಂದಿನ ಬೋರ್ಡ್‌ಗಳಲ್ಲಿ ಸೋನಿ ಇದನ್ನೂ ಮುಚ್ಚಿತು.

ಕಂಪನಿಗೆ ಏನು ತೊಂದರೆ?

ವಾಣಿಜ್ಯ ವಿದ್ಯಾರ್ಥಿಯಾಗಿ ನನಗೆ ಈ ಪ್ರಶ್ನೆಯೇ ಹೆಚ್ಚು ಕುತೂಹಲದ್ದು. ಗೇಮ್ ಯಂತ್ರದ ವ್ಯಾಪಾರದಲ್ಲಿ ಯಂತ್ರದ ಮೇಲೆ ಲಾಭ ಕಡಿಮೆ, ಗೇಮ್‌ಗಳ ಮೇಲೆ ಹೆಚ್ಚು. ಹೋಮ್‌ಬ್ರೂ ಬಂದ ಕಿಂಡಿಯಿಂದಲೇ ಕಳ್ಳ ಪ್ರತಿಗಳೂ ಬಂದವು. ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಕಲಮನ್ನು ಸೇರಿಸಲಾಯಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. 'ಉದ್ದೇಶದಿಂದ' ಎಂಬ ಮಾತನ್ನು ಗಮನಿಸಿ. ತಾನೇ ಬರೆದ ಪ್ರೋಗ್ರಾಮ್ ಓಡಿಸುವುದೂ ಇನ್ನೊಬ್ಬರ ದುಡಿಮೆ ಕದಿಯುವುದೂ ಒಂದೇ ಅಲ್ಲ. ಗೇಮ್ ಮಾಡಿದವರಿಗೂ ಒಂದು ಹಕ್ ಇದೆ.

ಈಗಿನ ಯಂತ್ರಗಳಲ್ಲಿ ಹಿಂದಿರುಗುವುದು ಇನ್ನೂ ಕಷ್ಟ. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್‌ನ ಚಿಪ್‌ನಲ್ಲಿ ಅತಿ ಸಣ್ಣ ಫ್ಯೂಸ್‌ಗಳಿವೆ. ಕೆಲವು ಅಪ್‌ಡೇಟ್‌ಗಳು ಒಂದೊಂದು ಫ್ಯೂಸ್ ಸುಡುತ್ತವೆ. ಸುಟ್ಟ ಫ್ಯೂಸ್ ಮತ್ತೆ ಕೂಡುವುದಿಲ್ಲ. ಹಳೆಯ ಫರ್ಮ್‌ವೇರ್ ಆನ್ ಆಗುವಾಗ ಲೆಕ್ಕ ಹಾಕಿ, ಸುಟ್ಟವು ಹೆಚ್ಚಾಗಿದ್ದರೆ ಅಲ್ಲೇ ನಿಲ್ಲುತ್ತದೆ. ನಾವು ಲೆಡ್ಜರ್‌ನಲ್ಲಿ ಶಾಯಿಯಿಂದ ಬರೆದದ್ದನ್ನು ಅಳಿಸದ ಹಾಗೆ.

ಆದ್ದರಿಂದ ಫೋನ್ ಇರಲಿ, ಗೇಮ್ ಯಂತ್ರ ಇರಲಿ, ಅಪ್‌ಡೇಟ್ ಒತ್ತುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಹಿಂದಿರುಗಲು ದಾರಿ ಇದೆಯೇ? ನನ್ನದು ನಿಖರವಾಗಿ ಯಾವ ಮಾದರಿ? ಈ ಫೈಲ್ ಯಾರು ಕೊಟ್ಟದ್ದು?

ನಾನು ಮೂರನ್ನೂ ಕೇಳಿಕೊಂಡೆ. ಬ್ಯಾಟರಿ ಇಲ್ಲ, ಬೋರ್ಡ್ ಯಾವುದೆಂದು ಖಚಿತವಿಲ್ಲ, ಯಂತ್ರವಂತೂ ನನ್ನದಲ್ಲ, ಅಮಾನತ್. 2.71 ಹಾಗೆಯೇ ಉಳಿಯಿತು. ಅದರ ಜೊತೆ ಬಂದ ಒಂದೇ ಒಂದು ಫುಟ್‌ಬಾಲ್ ಯುಎಂಡಿ ಇನ್ನೂ ಓಡುತ್ತದೆ. ಮೊನ್ನೆ ಜುಮಾ ಮುಗಿಸಿ ಬಂದ ಮಾಮು ಗೋಡೆಯ ಪ್ಲಗ್ ಪಕ್ಕದಲ್ಲೇ ಕುಳಿತು ಎರಡು ಗೋಲು ಹೊಡೆದರು.