ಕಚಗುಳಿಯ ನಗುವೂ ಒಪ್ಪಿಗೆಯೂ

ವಯಸ್ಕರಿಬ್ಬರು ಪರಸ್ಪರ ಒಪ್ಪಿ ಆಡುವ ಸ್ಪರ್ಶದಾಟಗಳಲ್ಲಿ ಕಚಗುಳಿಯೂ ಒಂದು; ನಾಚಿಕೆಯ ಮಾತೆಂದು ಜನ ಬದಿಗೆ ಸರಿಸುವ ಈ ವಿಷಯವನ್ನು ವಿಜ್ಞಾನ ಮಾತ್ರ ಶತಮಾನಕ್ಕೂ ಮೀರಿದ ಕಾಲದಿಂದ ಪರಿಶೀಲಿಸುತ್ತ ಬಂದಿದೆ. 1897ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಹಾಲ್ ಮತ್ತು ಆರ್ಥರ್ ಆಲಿನ್ ಕಚಗುಳಿಯನ್ನು ಎರಡು ಬಗೆಯಾಗಿ ವಿಂಗಡಿಸಿದರು. ಸೋಕಿಯೂ ಸೋಕದಂತಹ ಸ್ಪರ್ಶದಿಂದ ಹುಟ್ಟುವ, ನಗು ತರಿಸದ ಜುಮ್ಮೆನಿಸುವಿಕೆಗೆ ‘ನಿಸ್ಮೆಸಿಸ್’ ಎಂದೂ, ಕಂಕುಳು, ಪಕ್ಕೆ, ಅಂಗಾಲುಗಳನ್ನು ಬೇರೊಬ್ಬರು ಒತ್ತಿ ಕೆಣಕಿದಾಗ ನಗುವಾಗಿ ಉಕ್ಕುವ ಬಗೆಗೆ ‘ಗಾರ್ಗಲೆಸಿಸ್’ ಎಂದೂ ಹೆಸರಾಯಿತು. ಹೊಲಿಗೆಗೆ ಕುಳಿತವರ ಮುಂಗೈ ಮೇಲೆ ಬಿಡಿ ನೂಲೆಳೆ ಜಾರಿದರೆ ಆಗುವುದು ಮೊದಲನೆಯದು.

ಈ ನವಿರು ಬಗೆಯನ್ನು ಭಾರತೀಯ ಕಾಮಶಾಸ್ತ್ರ ಬಹಳ ಹಿಂದೆಯೇ ಗುರುತಿಸಿತ್ತು. ವಾತ್ಸ್ಯಾಯನನು ಹೇಳುವ ಎಂಟು ನಖಕ್ರಿಯೆಗಳಲ್ಲಿ ಮೊದಲನೆಯದಾದ ‘ಆಚ್ಛುರಿತಕ’ವೆಂದರೆ, ಗುರುತು ಮೂಡದಂತೆ ಉಗುರನ್ನು ಹಗುರವಾಗಿ ತಾಗಿಸಿ ಬರಿಯ ಸ್ಪರ್ಶದಿಂದಲೇ ರೋಮಾಂಚ ತರುವುದು. ಕಾಮಶಾಸ್ತ್ರವು 11ನೆಯ ಶತಮಾನದಲ್ಲಿಯೇ ಚಂದ್ರರಾಜನ ‘ಮದನತಿಲಕ’ದ ಮೂಲಕ ಕನ್ನಡಕ್ಕೆ ಬಂದುದರಿಂದ, ಇಂತಹ ವಿಷಯವನ್ನು ಮುಚ್ಚುಮರೆಯಿಲ್ಲದೆ ಬರೆಯುವುದು ಈ ಭಾಷೆಗೆ ಹೊಸತೇನಲ್ಲ.

ಗಾರ್ಗಲೆಸಿಸ್‌ಗೆ ಎರಡನೆಯ ವ್ಯಕ್ತಿ ಏಕೆ ಬೇಕೆಂಬುದಕ್ಕೆ ಕಾರಣ ಮಿದುಳಿನಲ್ಲಿದೆ. ತನ್ನದೇ ಕೈ ಚಲಿಸುವಾಗ ಅದರಿಂದ ಆಗಲಿರುವ ಸ್ಪರ್ಶವನ್ನು ಮಿದುಳು ಮೊದಲೇ ಅಂದಾಜಿಸಿ ಆ ಸಂವೇದನೆಯನ್ನು ತಗ್ಗಿಸುತ್ತದೆ; ಈ ಮುನ್ನೆಣಿಕೆಯಲ್ಲಿ ಹಿಂಬದಿಯ ಕಿರುಮಿದುಳಿಗೆ ಪಾತ್ರವಿದೆಯೆಂದು ಲಂಡನ್ನಿನ ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು 1998ರಲ್ಲಿ ಮಿದುಳಿನ ಚಿತ್ರಣದ ಮೂಲಕ ತೋರಿಸಿದರು. ಬೇರೊಬ್ಬರ ಬೆರಳು ಎಲ್ಲಿ, ಯಾವಾಗ ತಾಗುವುದೆಂದು ಹೀಗೆ ಮುಂಚಿತವಾಗಿ ತಿಳಿಯಲಾಗದು, ಆಟದ ಪುಲಕವೆಲ್ಲ ಆ ಅನಿಶ್ಚಿತತೆಯಲ್ಲಿದೆ.

ಆದರೆ ಅದೇ ಅನಿಶ್ಚಿತತೆ ಅಪನಂಬಿಕೆಯೊಂದಿಗೆ ಬೆರೆತರೆ ಭಯವಾಗುತ್ತದೆ. ಅಪರಿಚಿತನೊಬ್ಬನು ಕಚಗುಳಿಯಿಟ್ಟರೆ ಮಗು ನಗುವ ಬದಲು ಚೀರುತ್ತದೆಯೆಂದು ಡಾರ್ವಿನ್ 1872ರಲ್ಲಿಯೇ ಬರೆದಿದ್ದನು. 2016ರಲ್ಲಿ ಬರ್ಲಿನ್ನಿನ ಶಿಂಪೈ ಇಶಿಯಾಮಾ ಮತ್ತು ಮೈಕೆಲ್ ಬ್ರೆಕ್ಟ್ ಇಲಿಗಳಿಗೆ ಕಚಗುಳಿಯಿಟ್ಟಾಗ, ಅವು ಮನುಷ್ಯನ ಕಿವಿಗೆ ಕೇಳದಷ್ಟು ಎತ್ತರದ ಸ್ವರದಲ್ಲಿ ಉಲಿದು, ಕೈಯನ್ನು ಬೆನ್ನಟ್ಟಿ ಬಂದವು. ಎತ್ತರದ ಕಟ್ಟೆಯ ಮೇಲೆ ಪ್ರಖರ ಬೆಳಕಿನಲ್ಲಿ ಅಂಜುತ್ತ ನಿಂತಾಗಲಾದರೋ ಆ ಉಲಿಯೂ, ಸ್ಪರ್ಶವನ್ನು ಗ್ರಹಿಸುವ ಮಿದುಳಿನ ಭಾಗದ ಸ್ಪಂದನೆಯೂ ಕುಗ್ಗಿದವು. ನಿರ್ಭಯವಾದ ಮನಸ್ಸು ಈ ಆಟಕ್ಕೆ ಶರೀರವೇ ವಿಧಿಸಿರುವ ನಿಯಮವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ದೊರೆಯುವುದು ಕಷ್ಟ.

ಮನುಷ್ಯರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕಚಗುಳಿಯ ನಗು ಬಹುಮಟ್ಟಿಗೆ ತಾನಾಗಿ ಹೊಮ್ಮುವ ಪ್ರತಿಕ್ರಿಯೆ. ಕಚಗುಳಿಯಿಟ್ಟದ್ದು ಯಂತ್ರವೆಂದು ನಂಬಿಸಿದಾಗಲೂ ಜನರು ಅಷ್ಟೇ ನಕ್ಕರೆಂದು ಕ್ಯಾಲಿಫೋರ್ನಿಯಾದ ಕ್ರಿಸ್ಟೀನ್ ಹ್ಯಾರಿಸ್ 1999ರಲ್ಲಿ ಕಂಡುಕೊಂಡರು, ಮತ್ತು ಹಾಗೆ ನಗುವವರ ಮುಖದಲ್ಲಿ ಮುಗುಳ್ನಗೆಯ ಜೊತೆಗೆ ನೋವಿನ ಚಹರೆಯೂ ಕಾಣುತ್ತದೆಂದು ಮುಂದಿನ ಅಧ್ಯಯನದಲ್ಲಿ ತಿಳಿಯಿತು. ಆದ್ದರಿಂದ ನಗುತ್ತಿರುವವರು ಸುಖಿಸುತ್ತಿದ್ದಾರೆಂದು ತೀರ್ಮಾನಿಸುವುದು ತಪ್ಪು. ನಗುವನ್ನು ಒಪ್ಪಿಗೆಯೆಂದು ಎಣಿಸುವುದಂತೂ ಅನ್ಯಾಯ. ಎಲ್ಲಿ ಮುಟ್ಟಬಹುದು, ಎಲ್ಲಿ ಕೂಡದು ಎಂಬುದನ್ನು ಮೊದಲೇ ಮಾತಾಡಿಕೊಂಡು, ನಗುವಿನಿಂದ ಉಸಿರು ಕಟ್ಟಿ ಮಾತು ಹೊರಡದಿದ್ದಾಗಲೂ ತಿಳಿಸಬಲ್ಲ ಒಂದು ಸನ್ನೆಯನ್ನು, ಉದಾಹರಣೆಗೆ ಅಂಗೈಯಿಂದ ಎರಡು ಸಲ ತಟ್ಟುವುದನ್ನು, ಗೊತ್ತುಮಾಡಿಕೊಳ್ಳಬೇಕು. ಆ ಸನ್ನೆ ಬಂದ ಕೂಡಲೇ ಕೈ ನಿಲ್ಲಬೇಕು.