ನವರಂಗಪುರದ ಗ್ರಂಥಜಾಲ ಮತ್ತು ನಾಡಿನ ಓದುಗ

ಅಹಮದಾಬಾದಿನ ನವರಂಗಪುರದಲ್ಲಿ, ಗುಜರಾತ್ ವಿಶ್ವವಿದ್ಯಾನಿಲಯದ ಆವರಣದೊಳಗೆ, ಬಹುಕಾಲ ನೆಲಸಿದ್ದು ಈಗ ಗಾಂಧೀನಗರಕ್ಕೆ ವಾಸ ಬದಲಿಸಿರುವ ಸಂಸ್ಥೆಯೊಂದುಂಟು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 1991ರಲ್ಲಿ ಯೋಜನೆಯಾಗಿ ಆರಂಭಿಸಿ, 1996ರಲ್ಲಿ ಸ್ವತಂತ್ರ ಕೇಂದ್ರವನ್ನಾಗಿ ಮಾಡಿದ ಆ ಸಂಸ್ಥೆಯೇ ಇನ್‌ಫ್ಲಿಬ್‌ನೆಟ್. ದೇಶದ ವಿದ್ಯಾಪೀಠಗಳ ಗ್ರಂಥಭಂಡಾರಗಳನ್ನು ಗಣಕಯಂತ್ರಗಳ ಮೂಲಕ ಒಂದಕ್ಕೊಂದು ಹೆಣೆಯುವುದೇ ಅದರ ಉದ್ದೇಶ. ಅಹಮದಾಬಾದಿನ ಗ್ರಂಥಾಲಯಗಳು ಲಾಭದ ಅಪೇಕ್ಷೆಯಿಲ್ಲದೆ 1994ರಲ್ಲಿ ಅಡಿನೆಟ್ ಎಂಬ ಸಂಘವನ್ನು ಕಟ್ಟಿಕೊಂಡವು. ನಮ್ಮ ಮೈಸೂರಿನಲ್ಲಿಯೂ ಆ ದಶಕದಲ್ಲಿಯೇ ಕೇಂದ್ರೀಯ ಆಹಾರ ಸಂಶೋಧನಾಲಯದ ಆಶ್ರಯದಲ್ಲಿ ಮೈಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲ ಹುಟ್ಟಿತು.

ಆದರೆ ಮೊದಮೊದಲು ಈ ಜಾಲಗಳೆಲ್ಲ ಗ್ರಂಥಪಾಲಕರಿಗೂ ವಿದ್ವಾಂಸರಿಗೂ ಮೀಸಲಾಗಿದ್ದವು. ಯಾವ ಪುಸ್ತಕ, ಯಾವ ನಿಯತಕಾಲಿಕೆ ಯಾವ ಗ್ರಂಥಾಲಯದಲ್ಲಿ ಇದೆಯೆಂಬ ಪಟ್ಟಿ ದೊರೆಯುತ್ತಿದ್ದಿತೇ ವಿನಾ ಗ್ರಂಥವೇ ಕೈಗೆ ಬರುತ್ತಿರಲಿಲ್ಲ; ಬೀದಿಯಲ್ಲಿ ನಡೆಯುವ ಸಾಮಾನ್ಯನಿಗೆ ಆ ಪಟ್ಟಿಯ ಸುಳಿವೂ ಇರಲಿಲ್ಲ.

ಗುಜರಾತಿನ ನೆಲದಲ್ಲಿ ಇದಕ್ಕಿಂತ ಉದಾರವಾದ ಪರಂಪರೆಯೊಂದು ಹಿಂದೆಯೇ ಬೇರೂರಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಬರೋಡಾ ಸಂಸ್ಥಾನದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1906ರಲ್ಲಿ ತಮ್ಮ ರಾಜ್ಯದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದರು. ಅಕ್ಷರ ಕಲಿತವನಿಗೆ ಓದಲು ಪುಸ್ತಕವಿಲ್ಲದಿದ್ದರೆ ಕಲಿತದ್ದು ಮರೆತುಹೋಗುವುದೆಂದರಿತು, 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ತಜ್ಞರನ್ನು ಕರೆಯಿಸಿ, ರಾಜಧಾನಿಯಿಂದ ಹಳ್ಳಿಯವರೆಗೆ ಉಚಿತ ಗ್ರಂಥಾಲಯಗಳ ವ್ಯವಸ್ಥೆಯನ್ನು ರಚಿಸಿದರು. ಗ್ರಂಥಾಲಯವಿಲ್ಲದ ಊರುಗಳಿಗೆ ಪೆಟ್ಟಿಗೆಗಳಲ್ಲಿ ತುಂಬಿದ ಪುಸ್ತಕಗಳು ಸಂಚಾರ ಹೊರಡುತ್ತಿದ್ದವು. ಓದುಗನ ಯೋಗ್ಯತೆಯನ್ನು ಪ್ರಶ್ನಿಸದೆ ಪುಸ್ತಕವನ್ನು ಅವನ ಊರಿಗೇ ಒಯ್ದ ಆ ವ್ಯವಸ್ಥೆಯೇ ಗ್ರಂಥಾಲಯಕ್ಕೆ ನಿಜವಾದ ಆದರ್ಶವೆಂದು ನನ್ನ ದೃಢವಾದ ನಂಬಿಕೆ.

ಇನ್‌ಫ್ಲಿಬ್‌ನೆಟ್ಟಿನ ಕಾರ್ಯಗಳಲ್ಲಿ ಆ ಆದರ್ಶಕ್ಕೆ ಅತ್ಯಂತ ಸಮೀಪವಾದದ್ದು ಪಿಎಚ್.ಡಿ. ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾ. ಹಿಂದೆ ಪಿಎಚ್.ಡಿ. ಪ್ರಬಂಧವೆಂದರೆ ರಟ್ಟು ಕಟ್ಟಿಸಿಕೊಂಡು ವಿದ್ಯಾಪೀಠದ ಕಪಾಟನ್ನು ಸೇರುವ ವಸ್ತು. ಬೀದರಿನವನೊಬ್ಬನು ಅದನ್ನು ನೋಡಬೇಕಾದರೆ ಧಾರವಾಡಕ್ಕೋ ಮೈಸೂರಿಗೋ ಹೋಗಿ ಅನುಮತಿ ಬೇಡಬೇಕಾಗಿತ್ತು. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸತಕ್ಕದ್ದೆಂದು ಆಯೋಗವು 2009ರಲ್ಲಿ ನಿಯಮ ಮಾಡಿದ ತರುವಾಯ, ಇಂದು 5 ಲಕ್ಷಕ್ಕೂ ಮಿಕ್ಕ ಪ್ರಬಂಧಗಳು ಅಲ್ಲಿ ಸಂಗ್ರಹವಾಗಿವೆ. ಸದಸ್ಯತ್ವವಾಗಲಿ ಶುಲ್ಕವಾಗಲಿ ಇಲ್ಲ. ವಿಶ್ವವಿದ್ಯಾನಿಲಯದ ಹೆಸರನ್ನು ಹಿಡಿದು ವಿಭಾಗಕ್ಕೆ, ವಿಭಾಗದಿಂದ ಪ್ರಬಂಧಕ್ಕೆ ಹೋದರೆ, ಮುಖಪುಟ, ಪ್ರಮಾಣಪತ್ರ, ಒಂದೊಂದು ಅಧ್ಯಾಯ, ಕಡೆಯಲ್ಲಿ ಗ್ರಂಥಋಣ, ಹೀಗೆ ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತವೆ. ಕನ್ನಡದಲ್ಲಿಯೇ ಬರೆದ ಪ್ರಬಂಧಗಳೂ ಅಲ್ಲುಂಟು. ಒಂದು ಮಾತು: ಕನ್ನಡದ ಕೆಲವು ಪ್ರಬಂಧಗಳು ಪುಟಗಳ ಛಾಯಾಪ್ರತಿಗಳಾಗಿಯೋ ಹಳೆಯ ಅಕ್ಷರವಿನ್ಯಾಸದಲ್ಲಿಯೋ ಇರುವುದರಿಂದ, ಕನ್ನಡ ಪದವನ್ನು ಟೈಪು ಮಾಡಿ ಹುಡುಕಿದರೆ ಸಿಕ್ಕದೆ ಹೋಗಬಹುದು, ವಿಭಾಗದ ದಾರಿಯಿಂದ ಹೋಗುವುದೇ ಲೇಸು.

ಪ್ರಬಂಧಗಳ ಬಾಗಿಲು ಹೀಗೆ ತೆರೆದಿದ್ದರೂ ನಿಯತಕಾಲಿಕೆಗಳ ಬಾಗಿಲು ಎಲ್ಲರಿಗೂ ತೆರೆದಿಲ್ಲ. ಕೇಂದ್ರ ಸರ್ಕಾರವು 2024ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಮೂರು ವರ್ಷಗಳ ಅವಧಿಗೆ 6,000 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು 6,300ರಷ್ಟು ಸರ್ಕಾರಿ ಸಂಸ್ಥೆಗಳಿಗೆ ಒದಗಿಸುವ ಈ ಕಾರ್ಯದ ನಿರ್ವಹಣೆಯೂ ಇನ್‌ಫ್ಲಿಬ್‌ನೆಟ್ಟಿನದೇ. ಕಾರ್ಯ ಶ್ಲಾಘ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸ್ವಂತವಾಗಿ ವೈದ್ಯವೃತ್ತಿ ನಡೆಸುವ ತಾಲ್ಲೂಕಿನ ವೈದ್ಯನೂ ಪ್ರೌಢಶಾಲೆಯ ಉಪಾಧ್ಯಾಯನೂ ಈ ಪರಿಧಿಯ ಹೊರಗೇ ಉಳಿದಿರುವರು. ಇವರೂ ತೆರಿಗೆ ತೆತ್ತವರೇ ಅಲ್ಲವೆ?

ಕರ್ನಾಟಕವು 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಮೇರೆಗೆ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ವಸೂಲು ಮಾಡುತ್ತ ಬಂದಿದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ಗಳೆಂದು ಹೆಸರಿಟ್ಟು ಅನೇಕ ಕಡೆ ಗಣಕಯಂತ್ರಗಳನ್ನೂ ಇರಿಸಿದೆ. ಜಿಲ್ಲಾ ಗ್ರಂಥಾಲಯಗಳನ್ನೂ ಈ ಕೇಂದ್ರಗಳನ್ನೂ ರಾಷ್ಟ್ರೀಯ ಚಂದಾದ ವ್ಯಾಪ್ತಿಗೆ ಸೇರಿಸಬೇಕೆಂದು ರಾಜ್ಯ ಸರ್ಕಾರವು ದೆಹಲಿಯನ್ನು ಒತ್ತಾಯಿಸಬೇಕು. ಓದುಗರು ಮಾಡಬಹುದಾದದ್ದೂ ಒಂದುಂಟು: ನಿಮ್ಮೂರಿನ ಗ್ರಂಥಾಲಯಕ್ಕೆ ಹೋಗಿ, ಅಲ್ಲಿಯ ಗಣಕಯಂತ್ರದಲ್ಲಿ ಶೋಧಗಂಗೆಯನ್ನು ತೆರೆದು ತೋರಿಸಿರೆಂದು ಗ್ರಂಥಪಾಲಕರನ್ನು ಕೇಳಿರಿ.